ಹತ್ತಿ, ಉಕ್ಕು, ಕೋಳಿ

2012ರ ಮೇ 7, ಸೋಮವಾರ ರಾತ್ರಿ. ಉತ್ತರ ಇಂಗ್ಲೆಂಡಿನ ಲ್ಯಾಂಕಷೈರ್ ಸೀಮೆಯಲ್ಲಿ ಬ್ಲ್ಯಾಕ್‌ಬರ್ನ್ ಅನ್ನೋ ಊರು. ಅಲ್ಲಿನ ಈವುಡ್ ಪಾರ್ಕ್ ಮೈದಾನದಲ್ಲಿ ಬ್ಲ್ಯಾಕ್‌ಬರ್ನ್ ರೋವರ್ಸ್ ಮತ್ತು ವಿಗನ್ ತಂಡಗಳ ಪ್ರೀಮಿಯರ್ ಲೀಗ್ ಪಂದ್ಯ. ಆಟದ ನಡುವೆ ಮೈದಾನದೊಳಗೆ ಒಂದು ಕೋಳಿ ನುಗ್ಗಿತು. ನಿಜವಾದ, ಜೀವಂತ ಕೋಳಿ. ಅದರ ಮೈಗೆ ಯಾರೋ ರೋವರ್ಸ್ ಬಾವುಟ ಸುತ್ತಿ ಬಿಟ್ಟಿದ್ದರು. ಆಟ ನಿಂತಿತು. ಟೀವಿಯಲ್ಲಿ ನೋಡ್ತಿದ್ದ ಜಗತ್ತು ನಕ್ಕಿತು.

ಕೋಳಿ ಬಿಟ್ಟವರಿಗೆ ಮಾತ್ರ ನಗು ಬಂದಿರಲಿಕ್ಕಿಲ್ಲ. ಆಟ ಮುಗಿಯೋಕೆ ಮೂರ್ನಾಲ್ಕು ನಿಮಿಷ ಇದೆ ಅನ್ನುವಾಗ ವಿಗನ್ ಒಂದು ಗೋಲು ಹೊಡೀತು. ಅಷ್ಟೇ. ಹನ್ನೊಂದು ವರ್ಷಗಳಿಂದ ಪ್ರೀಮಿಯರ್ ಲೀಗಿನಲ್ಲಿದ್ದ ರೋವರ್ಸ್ ಕೆಳಗಿನ ದರ್ಜೆಗೆ ಬಿತ್ತು. ಕೋಳಿಯೇ ಯಾಕೆ ಅಂತೀರಾ? ಕ್ಲಬ್ಬಿನ ಮಾಲೀಕರು ಪುಣೆಯ ವೆಂಕೀಸ್ ಕಂಪನಿಯವರು. ಸೂಪರ್ ಮಾರ್ಕೆಟ್ಟಿನ ಫ್ರೀಜರಿನಲ್ಲಿ ಚಿಕನ್ ಪೊಟ್ಟಣದ ಮೇಲೆ ಹೆಸರು ನೋಡಿರ್ತೀರಲ್ಲ, ಅದೇ ವೆಂಕೀಸ್.

ಬೆಂಗಳೂರಿನ ಪಬ್ಬುಗಳಲ್ಲಿ ಶನಿವಾರ ರಾತ್ರಿ ಆರ್ಸೆನಲ್, ಲಿವರ್‌ಪೂಲ್, ಮ್ಯಾಂಚೆಸ್ಟರ್ ಯುನೈಟೆಡ್ ಜೆರ್ಸಿಗಳು ಬೇಕಾದಷ್ಟು ಕಾಣ್ತವೆ. ಅರ್ಧ ನೀಲಿ, ಅರ್ಧ ಬಿಳಿ ಇರೋ ರೋವರ್ಸ್ ಜೆರ್ಸಿ ನಾನಂತೂ ಒಂದನ್ನೂ ನೋಡಿಲ್ಲ. ಆದರೆ ಇಂಗ್ಲೆಂಡಿನ ಇಷ್ಟೊಂದು ಕ್ಲಬ್ಬುಗಳಲ್ಲಿ ನಮ್ಮ ದೇಶಕ್ಕೆ, ಅದರಲ್ಲೂ ನಮ್ಮ ಧಾರವಾಡ ಸೀಮೆಯಂಥ ಎರೆಮಣ್ಣಿನ ಊರುಗಳಿಗೆ, ಇದರಷ್ಟು ಹತ್ತಿರದ ಕ್ಲಬ್ಬು ಇನ್ನೊಂದಿಲ್ಲ ಅನ್ನೋದು ನನ್ನ ವಾದ. ಈ ನಂಟು ಕೋಳಿಯಿಂದ ಶುರುವಾದದ್ದಲ್ಲ. ಹತ್ತಿಯಿಂದ.

ನಾನು ನವಲಗುಂದ ತಾಲೂಕಿನವನು. ನಮ್ಮ ಕಡೆ ಮಳೆ ಒಂದಿಷ್ಟು ಕೃಪೆ ಮಾಡಿದರೆ ಹೊಲದ ತುಂಬ ಹತ್ತಿ. 1840ರ ದಶಕದಲ್ಲಿ ಈಸ್ಟ್ ಇಂಡಿಯಾ ಕಂಪನಿಯವರು ಅಮೆರಿಕದ ನ್ಯೂ ಆರ್ಲಿಯನ್ಸ್ ಬೀಜ ತಂದು ಹಿಂದೂಸ್ತಾನದ ಹಲವು ಕಡೆ ಬಿತ್ತಿಸಿ ನೋಡಿದರು. ಅದು ಚೆನ್ನಾಗಿ ಕೈಹಿಡಿದದ್ದು ಧಾರವಾಡ ಸೀಮೆಯಲ್ಲಿ. 'ಧಾರವಾರ್ ಅಮೆರಿಕನ್' ಅಂತ ಪೇಟೆಯಲ್ಲಿ ಅದಕ್ಕೆ ಬೇರೆಯದೇ ಹೆಸರು ಬಿತ್ತು. 1861ರಲ್ಲಿ ಅಮೆರಿಕದ ಅಂತರ್ಯುದ್ಧ ಶುರುವಾಗಿ ಅಲ್ಲಿನ ಹತ್ತಿ ಬರೋದು ನಿಂತಾಗ ಲ್ಯಾಂಕಷೈರಿನ ಗಿರಣಿಗಳು ಬಾಗಿಲು ಹಾಕಿದವು, ಕಾರ್ಮಿಕರು ಗಂಜಿಕೇಂದ್ರದ ಮುಂದೆ ಸಾಲು ನಿಂತರು. ಅಲ್ಲಿನ ವ್ಯಾಪಾರಿಗಳ ಕಣ್ಣು ಆಗ ಬಿದ್ದದ್ದು ನಮ್ಮ ಹತ್ತಿಯ ಮೇಲೆ. ಧಾರವಾಡದ ಹತ್ತಿ ಸಾಗಿಸೋಕೆ ಕಾರವಾರದಲ್ಲಿ ಬಂದರು ಬೇಕು ಅಂತ ಮ್ಯಾಂಚೆಸ್ಟರಿನವರು ಪಟ್ಟು ಹಿಡಿದರು. 1862ರಲ್ಲಿ ಉತ್ತರ ಕನ್ನಡ ಜಿಲ್ಲೆ ಮದ್ರಾಸ್ ಪ್ರಾಂತ್ಯದಿಂದ ಮುಂಬೈ ಪ್ರಾಂತ್ಯಕ್ಕೆ ಹೋದದ್ದರ ಹಿಂದೆಯೂ ಈ ಬಂದರಿನ ಲೆಕ್ಕಾಚಾರವಿತ್ತು. ಮುಂಬೈ ಕಡೆಯಿಂದ ಹೋದ ಹತ್ತಿಯನ್ನೆಲ್ಲ ಅಲ್ಲಿ 'ಸೂರತ್' ಅಂತಲೇ ಕರೀತಿದ್ದರು. ಎಳೆ ಗಿಡ್ಡ, ಮಗ್ಗದ ಮೇಲೆ ಮತ್ತೆ ಮತ್ತೆ ಹರಿಯೋದು. ಬ್ಲ್ಯಾಕ್‌ಬರ್ನಿನ ನೇಕಾರರು ಅದನ್ನ ಶಪಿಸಿಕೊಂಡೇ ನೇಯ್ದರು.

ನೇಯ್ದದ್ದು ಏನನ್ನ? ಧೋತರ! ಬ್ಲ್ಯಾಕ್‌ಬರ್ನ್ ಹೆಸರಾಗಿದ್ದೇ ಭಾರತಕ್ಕೆ ಹೋಗೋ ಧೋತರ ಮತ್ತು ಅಗ್ಗದ ಬಿಳಿ ಬಟ್ಟೆಗೆ. ನಮ್ಮ ಹೊಲದ ಹತ್ತಿ ಹಡಗು ಹತ್ತಿ ಹೋಗಿ, ಬಟ್ಟೆಯಾಗಿ ವಾಪಸ್ ಬಂದು, ನಮ್ಮ ಸಂತೆಯಲ್ಲಿ ನಮ್ಮ ನೇಕಾರನಿಗಿಂತ ಕಡಿಮೆ ರೇಟಿಗೆ ಮಾರಾಟವಾಗ್ತಿತ್ತು. ಈ ಕತೆಯನ್ನ ನಾವು ಶಾಲೆಯಲ್ಲಿ ಓದಿದ್ದೀವಿ. ಓದದೇ ಇದ್ದದ್ದು ಅದರ ಇನ್ನೊಂದು ತುದಿ. ಆ ಗಿರಣಿಯಲ್ಲಿ ದುಡಿದವರು ಶನಿವಾರ ಮಧ್ಯಾಹ್ನ ಏನು ಮಾಡ್ತಿದ್ದರು ಅನ್ನೋದು.

1850ರ ಕಾರ್ಖಾನೆ ಕಾಯ್ದೆ ಬಟ್ಟೆ ಗಿರಣಿಗಳಲ್ಲಿ ಹೆಂಗಸರು ಮತ್ತು ಹುಡುಗರಿಗೆ ಶನಿವಾರ ಮಧ್ಯಾಹ್ನ ಎರಡು ಗಂಟೆಗೆ ಕೆಲಸ ಮುಗಿಸಬೇಕು ಅಂತ ವಿಧಿಸಿತು. ಅವರಿಲ್ಲದೆ ಗಿರಣಿ ನಡೆಯೋ ಹಾಗಿರಲಿಲ್ಲ, ಹಾಗಾಗಿ ಗಂಡಸರಿಗೂ ಬಿಡುವು ಸಿಕ್ಕಿತು. ಇಂಗ್ಲೆಂಡಿನಲ್ಲಿ ಶನಿವಾರ ಮೂರು ಗಂಟೆಗೆ ಫುಟ್ಬಾಲ್ ಪಂದ್ಯ ಶುರುವಾಗೋ ಪದ್ಧತಿಯ ಬೇರು ಇಲ್ಲಿದೆ. ಎರಡಕ್ಕೆ ಸೈರನ್ನು, ಮೂರಕ್ಕೆ ಸೀಟಿ.

ರೋವರ್ಸ್ ಹುಟ್ಟಿದ್ದು 1875ರಲ್ಲಿ. ಕಟ್ಟಿದವರು ಕೂಲಿಕಾರರಲ್ಲ, ಒಳ್ಳೆ ಶಾಲೆಗಳಲ್ಲಿ ಓದಿ ಬಂದಿದ್ದ ಅನುಕೂಲಸ್ಥರ ಮಕ್ಕಳು. ಅದೇ ಊರಲ್ಲಿ ಕೂಲಿಕಾರರದೇ ಇನ್ನೊಂದು ತಂಡವಿತ್ತು, ಬ್ಲ್ಯಾಕ್‌ಬರ್ನ್ ಒಲಿಂಪಿಕ್ ಅಂತ. 1883ರ ಎಫ್‌ಎ ಕಪ್ ಫೈನಲ್ ಲಂಡನ್ನಿನ ಓವಲ್ ಮೈದಾನದಲ್ಲಿ ನಡೀತು. ಎದುರಿಗಿದ್ದದ್ದು ಓಲ್ಡ್ ಈಟೋನಿಯನ್ಸ್, ಅಂದರೆ ಈಟನ್ ಶಾಲೆಯಲ್ಲಿ ಓದಿದ ಸಾಹುಕಾರರ ತಂಡ. ಈ ಕಡೆ ನೇಕಾರರು, ನೂಲುವವರು, ಕಬ್ಬಿಣದ ಎರಕದ ಕೆಲಸದವರು, ಒಬ್ಬ ಪ್ಲಂಬರ್. ಹೆಚ್ಚುವರಿ ಸಮಯದಲ್ಲಿ ಜಿಮ್ಮಿ ಕಾಸ್ಟ್ಲಿ ಅನ್ನೋ ನೂಲು ಗಿರಣಿ ಕಾರ್ಮಿಕ ಗೋಲು ಹೊಡೆದು 2-1ರಲ್ಲಿ ಗೆಲ್ಲಿಸಿದ. ಕಪ್ಪು ಮೊದಲ ಸಲ ಉತ್ತರ ಇಂಗ್ಲೆಂಡಿಗೆ, ಅದೂ ಕೂಲಿಕಾರರ ಕೈಗೆ ಬಂತು.

ಆಮೇಲಿನ ಮೂರು ವರ್ಷ, 1884, 85, 86, ಅದೇ ಕಪ್ಪನ್ನು ಸತತವಾಗಿ ರೋವರ್ಸ್ ಗೆದ್ದಿತು. ಅಷ್ಟರಲ್ಲಿ ಆಟಗಾರನಿಗೆ ಸಂಬಳ ಕೊಡಬಹುದೋ ಬಾರದೋ ಅನ್ನೋ ಜಗಳ ಜೋರಾಗಿತ್ತು. ಸಾಹುಕಾರನಿಗೆ ಆಟ ಶೋಕಿ. ಗಿರಣಿಯವನಿಗೆ ಲಂಡನ್ನಿಗೆ ಹೋಗಿ ಬಂದರೆ ಅಷ್ಟು ದಿನದ ಕೂಲಿ ಖೋತಾ. ಫರ್ಗಸ್ ಸೂಟರ್ ಅನ್ನೋ ಸ್ಕಾಟ್‌ಲೆಂಡಿನ ಆಟಗಾರ ಪಕ್ಕದ ಡಾರ್ವೆನ್ ಊರಿನ ತಂಡ ಬಿಟ್ಟು 1880ರಲ್ಲಿ ರೋವರ್ಸ್ ಸೇರಿದಾಗ ದುಡ್ಡಿಗೆ ಹೋದ ಅಂತ ಊರೂರಿಗೆ ಹಗೆಯಾಯಿತು. ನೆಟ್‌ಫ್ಲಿಕ್ಸಿನಲ್ಲಿ 'ದಿ ಇಂಗ್ಲಿಷ್ ಗೇಮ್' ನೋಡಿದವರಿಗೆ ಈ ಹೆಸರು ಗೊತ್ತಿರುತ್ತೆ. 1885ರಲ್ಲಿ ಸಂಬಳ ಅಧಿಕೃತವಾಯಿತು. ದುಡ್ಡು ಹೊಂದಿಸಲಾಗದ ಒಲಿಂಪಿಕ್ 1889ರಲ್ಲಿ ಮುಚ್ಚಿಹೋಯಿತು. ದುಡ್ಡಿದ್ದ ರೋವರ್ಸ್ ಉಳಿಯಿತು, 1888ರಲ್ಲಿ ಫುಟ್ಬಾಲ್ ಲೀಗ್ ಕಟ್ಟಿದ 12 ಕ್ಲಬ್ಬುಗಳಲ್ಲಿ ಒಂದಾಯಿತು. ಬೆವರಿನ ಜೊತೆ ದುಡ್ಡೂ ಬೇಕು ಅನ್ನೋ ಪಾಠ ಈ ಊರಿಗೆ ಅಷ್ಟು ಬೇಗ ಸಿಕ್ಕಿತ್ತು.

1912ರಲ್ಲಿ ಮತ್ತು 1914ರಲ್ಲಿ ರೋವರ್ಸ್ ಲೀಗ್ ಚಾಂಪಿಯನ್. ಲ್ಯಾಂಕಷೈರ್ ಬಟ್ಟೆ ವ್ಯಾಪಾರ ತುತ್ತತುದಿ ಮುಟ್ಟಿದ್ದು 1913ರಲ್ಲಿ; ರಫ್ತಾದ ಬಟ್ಟೆಯಲ್ಲಿ ಸಿಂಹಪಾಲು ಭಾರತಕ್ಕೆ ಬಂತು. ಈ ಎರಡು ಸಂಗತಿ ಅಕ್ಕಪಕ್ಕ ಇಟ್ಟು ನೋಡಿ. ಆಗಿನ ನಾಯಕ ಬಾಬ್ ಕ್ರಾಂಪ್ಟನ್ ಬ್ಲ್ಯಾಕ್‌ಬರ್ನಿನವನೇ, ಕಸುಬಿನಲ್ಲಿ ಪ್ಲಂಬರ್. ಇಂಗ್ಲೆಂಡಿಗೆ 41 ಪಂದ್ಯ ಆಡಿದ, ಆಟಗಾರನಾಗಿ ಬೇರೆ ಕ್ಲಬ್ಬಿನ ಅಂಗಿ ತೊಡಲಿಲ್ಲ. ಆಮೇಲೆ ಮ್ಯಾನೇಜರ್ ಆಗಿ 1928ರಲ್ಲಿ ಎಫ್‌ಎ ಕಪ್ ಗೆಲ್ಲಿಸಿದ. 1941ರಲ್ಲಿ, ಪಕ್ಕದೂರಿನ ಬರ್ನ್‌ಲಿ ಜೊತೆಗಿನ ಪಂದ್ಯ ನೋಡಿದ ದಿನವೇ, ಹೃದಯಾಘಾತವಾಗಿ ಸತ್ತ. ಕ್ಲಬ್ಬಿಗೆ ಜೀವ ತೇದ ಅಂತೀವಲ್ಲ, ಅವನ ವಿಷಯದಲ್ಲಿ ಅದು ಅಕ್ಷರಶಃ ನಿಜ.

ಅಷ್ಟು ಹೊತ್ತಿಗೆ ಹತ್ತಿಯ ಕತೆ ಮುಗೀತಾ ಬಂದಿತ್ತು. ಭಾರತದಲ್ಲೇ ಗಿರಣಿಗಳು ಎದ್ದಿದ್ದವು, ಜಪಾನ್ ಪೈಪೋಟಿಗೆ ಇಳಿದಿತ್ತು, ಸ್ವದೇಶಿ ಚಳವಳಿ ವಿದೇಶಿ ಬಟ್ಟೆಗೆ ಬೆಂಕಿ ಹಚ್ಚಿತ್ತು. 1931ರ ಸೆಪ್ಟೆಂಬರಿನಲ್ಲಿ ದುಂಡುಮೇಜಿನ ಪರಿಷತ್ತಿಗೆ ಹೋಗಿದ್ದ ಗಾಂಧೀಜಿ, ಬಹಿಷ್ಕಾರದಿಂದ ಯಾರ ಕೆಲಸ ಹೋಗಿದೆಯೋ ಅವರನ್ನೇ ನೋಡಬೇಕು ಅಂತ ಲ್ಯಾಂಕಷೈರಿಗೆ ಬಂದರು. ಉಳಿದುಕೊಂಡದ್ದು ಡಾರ್ವೆನ್‌ನಲ್ಲಿ, ಸೂಟರ್ ಬಿಟ್ಟುಬಂದಿದ್ದ ಅದೇ ಊರು, ಬ್ಲ್ಯಾಕ್‌ಬರ್ನಿಗೆ ಅಂಟಿಕೊಂಡಂತೆ ಇದೆ. ಗಿರಣಿಯ ಹೆಣ್ಣುಮಕ್ಕಳು ಅವರನ್ನ ಸುತ್ತುವರಿದು ಕೈಯೆತ್ತಿ ಜೈಕಾರ ಹಾಕ್ತಿರೋ ಫೋಟೋ ನೀವೂ ನೋಡಿರ್ತೀರಿ. ನಡುವೆ ನಿಂತ ಮನುಷ್ಯ ಉಟ್ಟದ್ದು ಕೈಮಗ್ಗದ ತುಂಡು ಧೋತರ. ಆ ಊರುಗಳ ಅನ್ನಕ್ಕೆ ಕುತ್ತು ತಂದ ಧೋತರ. ಆದರೂ ಅವರು ನಗ್ತಿದ್ದಾರೆ. ನಷ್ಟ ಅನುಭವಿಸಿದವರಿಗೆ ಎದುರಿಗೆ ಬಂದು ಮುಖ ತೋರಿಸಿದವನ ಮೇಲೆ ಎಷ್ಟು ಔದಾರ್ಯ ಇರುತ್ತೆ ಅನ್ನೋದನ್ನ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

1936ರಲ್ಲಿ ರೋವರ್ಸ್ ಮೊದಲ ಸಲ ಎರಡನೇ ದರ್ಜೆಗೆ ಇಳಿಯಿತು. ಆಮೇಲೆ ಏರಿತು, ಇಳಿಯಿತು. 1966ರಲ್ಲಿ ಮೇಲಿನ ದರ್ಜೆಯಿಂದ ಬಿದ್ದದ್ದು 26 ವರ್ಷ ಮೇಲೇಳಲಿಲ್ಲ. ಈ ನಡುವೆ ಉಳಿದ ಗಿರಣಿಗಳ ರಾತ್ರಿ ಪಾಳಿಗೆ ಸ್ಥಳೀಯರು ಬರೋದು ಕಡಿಮೆಯಾಗಿ ಗುಜರಾತಿನ ಭರೂಚ್, ಸೂರತ್ ಕಡೆಯಿಂದ, ಪಾಕಿಸ್ತಾನದಿಂದ ಜನ ಬಂದು ನೆಲೆಯಾದರು. ಹತ್ತಿ ಹೋದ ದಾರಿಯಲ್ಲೇ ಹತ್ತಿ ಬೆಳೆಯೋ ಸೀಮೆಯ ಜನ ಹೋದರು. ಆಮೇಲೆ ಗಿರಣಿಗಳೂ ಮುಚ್ಚಿದವು, ಜನ ಅಲ್ಲೇ ಉಳಿದರು.

ಇನ್ನು ಉಕ್ಕಿನ ಕತೆ. ಜ್ಯಾಕ್ ವಾಕರ್ ಬ್ಲ್ಯಾಕ್‌ಬರ್ನಿನ ಹುಡುಗ. ಚಿಕ್ಕ ವಯಸ್ಸಿಗೇ ಶಾಲೆ ಬಿಟ್ಟು ಅಪ್ಪನ ತಗಡಿನ ಕೆಲಸಕ್ಕೆ ಸೇರಿದ. ಅಣ್ಣತಮ್ಮ ಸೇರಿ ಅದನ್ನ ದೊಡ್ಡ ಉಕ್ಕಿನ ವ್ಯಾಪಾರ ಮಾಡಿದರು. ಕೊನೆಗೆ ಬ್ರಿಟಿಷ್ ಸ್ಟೀಲ್ ಕಂಪನಿ ಅದನ್ನ ಸುಮಾರು 33 ಕೋಟಿ ಪೌಂಡಿಗೆ ಕೊಂಡುಕೊಂಡಿತು. ಕೈತುಂಬ ದುಡ್ಡು ಬಂದ ಮೇಲೆ ವಾಕರ್ 1991ರಲ್ಲಿ ತಾನು ಹುಡುಗನಾಗಿದ್ದಾಗ ಕೂಗಿ ಗಂಟಲು ಹರಿದುಕೊಂಡಿದ್ದ ಕ್ಲಬ್ಬನ್ನು ತನ್ನದಾಗಿಸಿಕೊಂಡ. ಎರಡನೇ ದರ್ಜೆಯಲ್ಲಿ ಏದುಸಿರು ಬಿಡ್ತಿದ್ದ ತಂಡಕ್ಕೆ ಲಿವರ್‌ಪೂಲಿನ ದಂತಕತೆ ಕೆನ್ನಿ ಡಾಲ್‌ಗ್ಲಿಶ್‌ನನ್ನು ಮ್ಯಾನೇಜರಾಗಿ ಕರೆತಂದ. 1992ರಲ್ಲಿ ಪ್ಲೇಆಫ್ ಗೆದ್ದು, ಆಗಷ್ಟೇ ಶುರುವಾಗಲಿದ್ದ ಪ್ರೀಮಿಯರ್ ಲೀಗಿಗೆ ಕಾಲಿಟ್ಟರು. ಬ್ರಿಟಿಷ್ ದಾಖಲೆ ಬೆಲೆಗೆ ಅಲನ್ ಶಿಯರರ್ ಬಂದ. 1994ರಲ್ಲಿ 50 ಲಕ್ಷ ಪೌಂಡಿಗೆ ಕ್ರಿಸ್ ಸಟನ್. ಹಳೇ ಈವುಡ್ ಪಾರ್ಕ್ ಮೂರು ಕಡೆ ಕೆಡವಿ ಹೊಸ ಸ್ಟ್ಯಾಂಡುಗಳೆದ್ದವು. ದುಡ್ಡು ಸುರಿದು ಕಪ್ ಕೊಳ್ತಾರೆ ಅಂತ ಲಂಡನ್, ಮ್ಯಾಂಚೆಸ್ಟರಿನವರು ಮೂದಲಿಸಿದರು. ಬ್ಲ್ಯಾಕ್‌ಬರ್ನಿಗೆ ಅದರ ಚಿಂತೆ ಇರಲಿಲ್ಲ. ಯಾಕಂದ್ರೆ ಅದು ಹೊರಗಿನ ದುಡ್ಡಲ್ಲ, ತಮ್ಮೂರ ಹುಡುಗನದು.

1995ರ ಮೇ 14. ಕೊನೆಯ ಪಂದ್ಯ, ಅದೂ ಡಾಲ್‌ಗ್ಲಿಶ್‌ನ ತವರಾದ ಆನ್‌ಫೀಲ್ಡಿನಲ್ಲಿ, ಲಿವರ್‌ಪೂಲ್ ವಿರುದ್ಧ. ರೋವರ್ಸ್ ಗೆದ್ದರೆ ಚಾಂಪಿಯನ್. ಗೆಲ್ಲದಿದ್ದರೆ, ಲಂಡನ್ನಿನಲ್ಲಿ ವೆಸ್ಟ್ ಹ್ಯಾಮ್ ಜೊತೆ ಆಡ್ತಿರೋ ಮ್ಯಾಂಚೆಸ್ಟರ್ ಯುನೈಟೆಡ್ ಗೆಲ್ಲಬಾರದು. ಶಿಯರರ್ ಮೊದಲ ಗೋಲು ಹೊಡೆದ, ಆ ಋತುವಿನ ಲೀಗಿನಲ್ಲಿ ಅವನ 34ನೆಯದು. ಲಿವರ್‌ಪೂಲ್ ಸರಿಗಟ್ಟಿತು. ಕೊನೇ ಗಳಿಗೆಯಲ್ಲಿ ಜೇಮಿ ರೆಡ್‌ನ್ಯಾಪ್ ಫ್ರೀಕಿಕ್ಕಿನಲ್ಲಿ ಗೋಲು ಹೊಡೆದು 2-1. ರೋವರ್ಸ್ ಸೋತಿತು! ಅದೇ ಕ್ಷಣಗಳಲ್ಲಿ ಲಂಡನ್ನಿನಿಂದ ಸುದ್ದಿ ಬಂತು: ಯುನೈಟೆಡ್ ಪಂದ್ಯ 1-1, ಡ್ರಾ. 89 ಅಂಕ, ಎದುರಾಳಿಗೆ 88. ಸೋತ ಪಂದ್ಯದ ಕೊನೆಯಲ್ಲಿ ಚಾಂಪಿಯನ್ ಆದರು, 81 ವರ್ಷಗಳ ನಂತರ. ವಾಕರ್ ಕಣ್ಣೀರು ಹಾಕಿಕೊಂಡೇ ಕಪ್ ಹಿಡಿದ. ನಮ್ಮ ಹುಬ್ಬಳ್ಳಿಯೊಳಗೆ ಹತ್ತು ಸಲ ಮುಳುಗಿಸಬಹುದಾದಂಥ ಸಣ್ಣ ಊರು ಇಂಗ್ಲೆಂಡಿನ ಅತಿದೊಡ್ಡ ಕಪ್ ಮನೆಗೆ ತಂದಿತ್ತು.

ಇಲ್ಲಿಗೆ ನಿಲ್ಲಿಸಿದರೆ ಸಿನಿಮಾ ಆಗ್ತಿತ್ತು. ಆದರೆ ಒಬ್ಬನ ಪ್ರೀತಿ ಮತ್ತು ಒಬ್ಬನ ಜೇಬನ್ನು ನಂಬಿದ ವ್ಯವಸ್ಥೆಗೆ ಅವನ ಆಯಸ್ಸೇ ಗಡುವು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಸಿಂಗಲ್ ಪಾಯಿಂಟ್ ಆಫ್ ಫೇಲ್ಯೂರ್, ಬ್ಯಾಕಪ್ ಇಲ್ಲದ ಸರ್ವರ್. 1996ರಲ್ಲಿ ಶಿಯರರ್ ಒಂದೂವರೆ ಕೋಟಿ ಪೌಂಡಿನ ವಿಶ್ವದಾಖಲೆ ಬೆಲೆಗೆ ನ್ಯೂಕ್ಯಾಸಲ್ ಸೇರಿದ. 1999ರಲ್ಲಿ, ಚಾಂಪಿಯನ್ ಆಗಿ ನಾಲ್ಕೇ ವರ್ಷಕ್ಕೆ, ತಂಡ ಕೆಳಗೆ ಬಿತ್ತು. 2000ದ ಆಗಸ್ಟಿನಲ್ಲಿ ವಾಕರ್ ತೀರಿಕೊಂಡ. ಮರುವರ್ಷ ತಂಡ ಮೇಲೆ ಬಂತು, 2002ರಲ್ಲಿ ಲೀಗ್ ಕಪ್ಪೂ ಗೆದ್ದಿತು. ಆದರೆ ಕ್ಲಬ್ಬು ಈಗ ವಾಕರ್ ಬಿಟ್ಟುಹೋದ ಟ್ರಸ್ಟಿನ ಕೈಯಲ್ಲಿತ್ತು. ಟ್ರಸ್ಟಿನವರು ಹಲವು ವರ್ಷ ನಡೆಸಿದರು, ಆಮೇಲೆ ಗಿರಾಕಿ ಹುಡುಕಿದರು. 2010ರ ನವೆಂಬರಿನಲ್ಲಿ ಗಿರಾಕಿ ಸಿಕ್ಕಿತು. ಬೆಲೆ 2.3 ಕೋಟಿ ಪೌಂಡ್, ಮೇಲೆ ಕ್ಲಬ್ಬಿನ ಸಾಲ. ಒಬ್ಬ ಶಿಯರರ್ ಬೆಲೆಗೆ ಇನ್ನೊಂದರ್ಧ ಸೇರಿಸಿದರೆ 135 ವರ್ಷದ ಇಡೀ ಕ್ಲಬ್ಬು!

ವೆಂಕೀಸ್ ಹಿಂದಿರೋದು 1971ರಲ್ಲಿ ಬಿ.ವಿ. ರಾವ್ ಕಟ್ಟಿದ ವೆಂಕಟೇಶ್ವರ ಹ್ಯಾಚರೀಸ್. ಭಾರತದ ಕೋಳಿ ಉದ್ಯಮವನ್ನು ಹಿತ್ತಲಿಂದ ಕಾರ್ಖಾನೆಗೆ ತಂದವರಲ್ಲಿ ಅವರು ಮೊದಲಿಗರು. ವಾಕರನ ಕತೆಗೇನೂ ಕಮ್ಮಿಯಿಲ್ಲದ ಕತೆ ಅದು. ಅವರ ಮಕ್ಕಳು ರೋವರ್ಸ್ ಕೊಂಡರು. ಪ್ರೀಮಿಯರ್ ಲೀಗ್ ಕ್ಲಬ್ಬೊಂದನ್ನು ಕೊಂಡ ಮೊದಲ ಭಾರತೀಯ ಕಂಪನಿ! ಇಲ್ಲಿನ ಪೇಪರುಗಳಿಗೆ ಸಂಭ್ರಮ. ಹತ್ತಿ ಒಯ್ದು ಬಟ್ಟೆ ಮಾರಿದವರ ಊರಿನ ಕ್ಲಬ್ಬನ್ನೇ ಕೊಂಡುಬಿಟ್ಟೆವು ಅನ್ನೋ ಖುಷಿ ನನಗೂ ಒಳಗೊಳಗೇ ಇತ್ತು, ಯಾಕೆ ಸುಳ್ಳು ಹೇಳಲಿ.

ಒಂದು ತಿಂಗಳೊಳಗೆ ಮ್ಯಾನೇಜರ್ ಸ್ಯಾಮ್ ಅಲರ್ಡೈಸ್‌ಗೆ ಗೇಟ್‌ಪಾಸ್. ಆಗ ತಂಡ 13ನೇ ಸ್ಥಾನದಲ್ಲಿ ಆರಾಮಾಗಿತ್ತು. ಅವನ ಜಾಗಕ್ಕೆ ಯಾವ ತಂಡವನ್ನೂ ಸ್ವತಂತ್ರವಾಗಿ ನಡೆಸಿ ಗೊತ್ತಿರದ ಕೋಚ್ ಸ್ಟೀವ್ ಕೀನ್. ವಾಕರ್ ಕಾಲದಿಂದ ಕ್ಲಬ್ಬು ನಡೆಸ್ತಿದ್ದ ಅನುಭವಿಗಳು ಒಬ್ಬೊಬ್ಬರೇ ಹೊರಬಿದ್ದರು. ಆಟಗಾರರು ಡ್ರೆಸ್ಸಿಂಗ್ ರೂಮಿನಲ್ಲಿ ಕೂತು ಚಿಕನ್ ತಿನ್ನೋ ಜಾಹೀರಾತು ಟೀವಿಯಲ್ಲಿ ಬಂತು. 2012ರಲ್ಲಿ ಆ ಕೋಳಿ ರಾತ್ರಿ. ಮುಂದಿನ ಒಂದೇ ಋತುವಿನಲ್ಲಿ ಮ್ಯಾನೇಜರುಗಳ ಮೆರವಣಿಗೆ. 1995ರ ಚಾಂಪಿಯನ್ ತಂಡದಲ್ಲಿ ಆಡಿದ್ದ ಹೆನಿಂಗ್ ಬರ್ಗ್ 57 ದಿನ, ಮೈಕಲ್ ಆಪಲ್ಟನ್ 67 ದಿನ. ಬರ್ಗ್ ಕೋರ್ಟಿಗೆ ಹೋಗಿ 20 ಲಕ್ಷ ಪೌಂಡಿಗೂ ಹೆಚ್ಚು ಪರಿಹಾರ ವಸೂಲಿ ಮಾಡಿಕೊಂಡ. 2017ರ ಮೇ 7ರಂದು, ಕೋಳಿ ರಾತ್ರಿಗೆ ಸರಿಯಾಗಿ ಐದು ವರ್ಷಕ್ಕೆ, ಕೊನೇ ಪಂದ್ಯ 3-1ರಲ್ಲಿ ಗೆದ್ದರೂ ಗೋಲು ವ್ಯತ್ಯಾಸದಲ್ಲಿ ಹಿಂದುಳಿದು ತಂಡ ಮೂರನೇ ದರ್ಜೆಗೆ ಜಾರಿತು. ಪ್ರೀಮಿಯರ್ ಲೀಗ್ ಗೆದ್ದ ಕ್ಲಬ್ಬೊಂದು ಅಷ್ಟು ಕೆಳಗೆ ಹೋದದ್ದು ಅದೇ ಮೊದಲು. ಸೋತು ಚಾಂಪಿಯನ್ ಆದವರು ಗೆದ್ದು ಮುಳುಗಿದರು. 2010ರಲ್ಲಿ ಪಂದ್ಯಕ್ಕೆ ಸರಾಸರಿ 25 ಸಾವಿರ ಬರ್ತಿದ್ದ ಜನ, ಅಷ್ಟರಲ್ಲಿ ಅದರ ಅರ್ಧ.

ನಾನಿದ್ದ ಒಂದು ಪ್ರಾಜೆಕ್ಟಿನಲ್ಲಿ ಕ್ಲೈಂಟ್ ಕಡೆಯ ಹಿರಿಯರೊಬ್ಬರು ಬ್ಲ್ಯಾಕ್‌ಬರ್ನಿನವರು. ಅಪ್ಪನ ಕಾಲದಿಂದ ಇದ್ದ ಸೀಟಿನ ಸೀಸನ್ ಟಿಕೆಟ್ ನವೀಕರಿಸೋದನ್ನ ಬಿಟ್ಟಿದ್ದರು. ಒಂದು ದಿನ ಕಾಲ್ ಮುಗಿಯೋ ಹೊತ್ತಿಗೆ ಕೇಳಿದರು, ಪುಣೆ ನಿಮ್ಮಿಂದ ಎಷ್ಟು ದೂರ ಅಂತ. ಒಂದು ರಾತ್ರಿ ಬಸ್ಸಿನ ದಾರಿ ಅಂದೆ. ಹಾಗಾದ್ರೆ ಒಮ್ಮೆ ಹೋಗಿ ಕೇಳ್ಕೊಂಡು ಬಾ, ನಮ್ಮನ್ನ ಯಾಕೆ ಕೊಂಡ್ರಿ ಅಂತ, ಅಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ನಿಜವಾಗಿ ತಿಳ್ಕೋಬೇಕಿತ್ತು ಅವರಿಗೆ.

ವೆಂಕೀಸ್‌ನವರು ದುಡ್ಡು ಹಾಕಲಿಲ್ಲ ಅನ್ನೋ ಹಾಗಿಲ್ಲ. ವರ್ಷ ವರ್ಷ ಆದ ನಷ್ಟ ತುಂಬಿದ್ದಾರೆ, ಕ್ಲಬ್ಬು ಬಾಗಿಲು ಹಾಕದಂತೆ ನೋಡಿಕೊಂಡಿದ್ದಾರೆ. ಪಕ್ಕದಲ್ಲೇ ಇರೋ ಬರಿ ಅನ್ನೋ ಊರಿನ ಕ್ಲಬ್ಬು 2019ರಲ್ಲಿ ದುಡ್ಡಿಲ್ಲದೆ ಲೀಗಿನಿಂದಲೇ ಹೊರಬಿತ್ತು. ಆ ಗತಿ ರೋವರ್ಸ್‌ಗೆ ಬರಲಿಲ್ಲ. ಅಭಿಮಾನಿಗಳ ದೂರು ಬೇರೆಯದು. ಮಾಲೀಕರು ಬರೋದಿಲ್ಲ. ಮಾತಾಡೋದಿಲ್ಲ. ನಿರ್ಧಾರ ಎಲ್ಲೋ ಆಗುತ್ತೆ, ಇಲ್ಲಿಗೆ ಸುದ್ದಿ ಬರುತ್ತೆ. ಇದು ಯಾವ ದೇಶದವರು ಅನ್ನೋ ಪ್ರಶ್ನೆಯೇ ಅಲ್ಲ. ಅನ್ನ ಕಳಕೊಂಡ ಸಿಟ್ಟಿದ್ದ ಜನ ಎದುರಿಗೆ ಬಂದು ನಿಂತ ಗಾಂಧಿಗೆ ಜೈಕಾರ ಹಾಕಿದ್ದು ಇದೇ ನೆಲದಲ್ಲಿ ತಾನೆ?

ನಮಗೂ ಇದು ಗೊತ್ತಿರೋ ನೋವೇ. ಸಮುದ್ರದಾಚೆಯ ಹೆಡ್ಡಾಫೀಸಿನಲ್ಲಿ ಒಂದು ಮೀಟಿಂಗ್ ಆಗುತ್ತೆ, ಸೋಮವಾರ ಇಲ್ಲಿ ಒಂದು ಟೀಮ್ ಇರೋದಿಲ್ಲ. ನೂರೈವತ್ತು ವರ್ಷದ ಹಿಂದೆ ಧಾರವಾಡದ ರೈತನಿಗೂ ತನ್ನ ಹತ್ತಿಯ ರೇಟು ಯಾಕೆ ಏರಿತು, ಯುದ್ಧ ಮುಗಿದ ಕೂಡಲೇ ಯಾಕೆ ಕುಸಿಯಿತು ಅಂತ ಯಾರೂ ಬಂದು ಹೇಳಲಿಲ್ಲ. ಆಗ ನಿರ್ಧಾರ ಲ್ಯಾಂಕಷೈರಿನಲ್ಲಿ, ಪೆಟ್ಟು ಇಲ್ಲಿ. ಈಗ ನಿರ್ಧಾರ ಪುಣೆಯಲ್ಲಿ, ಪೆಟ್ಟು ಲ್ಯಾಂಕಷೈರಿನಲ್ಲಿ. ಇದನ್ನ ಸೇಡು ಅಂತ ಕುಣಿಯೋಕೆ ನನಗಂತೂ ಆಗಲ್ಲ. ಅಂದು ಭಾರತವನ್ನು ಆಳಿದವರಿಗೆ ಇಂದು ಪೆಟ್ಟು ಬಿದ್ದಿಲ್ಲ; ಬಿದ್ದದ್ದು ಅಂದು ಗಂಜಿಗೆ ಸಾಲು ನಿಂತವರ ಮರಿಮಕ್ಕಳಿಗೆ.

2018ರಲ್ಲಿ ರೋವರ್ಸ್ ಮತ್ತೆ ಎರಡನೇ ದರ್ಜೆಗೆ ಏರಿತು. 2023ರಲ್ಲಿ ಪ್ಲೇಆಫ್ ಅವಕಾಶ ಗೋಲು ವ್ಯತ್ಯಾಸದಲ್ಲಿ ತಪ್ಪಿತು. ಆಮೇಲೆ ಪುಣೆಯಿಂದ ಹಣ ಕಳಿಸೋಕೆ ದೆಹಲಿ ಹೈಕೋರ್ಟಿನ ಅನುಮತಿ ಬೇಕಾಗುವ ಪರಿಸ್ಥಿತಿ ಬಂತು. ಲ್ಯಾಂಕಷೈರಿನ ಅಭಿಮಾನಿಗಳು ದೆಹಲಿಯ ಕೋರ್ಟ್ ಕಲಾಪದ ತಾರೀಕು ಲೆಕ್ಕ ಇಡೋ ಕಾಲ. 2024ರ ಫೆಬ್ರುವರಿಯಲ್ಲಿ ಬ್ಲ್ಯಾಕ್‌ಬರ್ನಿನಲ್ಲೇ ಹುಟ್ಟಿ, ಆರನೇ ವಯಸ್ಸಿನಿಂದ ಅಲ್ಲೇ ಆಟ ಕಲಿತ ಆಡಂ ವಾರ್ಟನ್‌ನನ್ನು ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸ್‌ಗೆ ಮಾರಿದರು. 2025ರ ಮೇ ತಿಂಗಳಲ್ಲಿ ಅವನು ಎಫ್‌ಎ ಕಪ್ ಗೆದ್ದ, ಒಂದು ಕಾಲಕ್ಕೆ ಅವನ ಊರಿನವರು ನಾಲ್ಕು ವರ್ಷ ಬೇರೆಯವರ ಕೈಗೆ ಬಿಡದ ಅದೇ ಕಪ್.

ಇಷ್ಟೆಲ್ಲ ಆದರೂ ಶನಿವಾರ ಜನ ಬರ್ತಾರೆ. 2022ರ ಮೇ 2ರಂದು, ಬ್ರಿಟನ್ನಿನ ಫುಟ್ಬಾಲ್ ಮೈದಾನಗಳಲ್ಲಿ ಮೊದಲ ಸಲ, ಈವುಡ್ ಪಾರ್ಕಿನ ಹುಲ್ಲಿನ ಮೇಲೆ ಈದ್ ನಮಾಜ್ ನಡೀತು. ಬ್ಲ್ಯಾಕ್‌ಬರ್ನ್, ಡಾರ್ವೆನ್ ಸೇರಿದ ಆಡಳಿತ ಪ್ರದೇಶದಲ್ಲಿ ಈಗ ಮೂರರಲ್ಲಿ ಒಂದು ಪಾಲಿಗೂ ಹೆಚ್ಚು ಜನ ಏಷ್ಯಾ ಮೂಲದವರು. ಅವರಲ್ಲಿ ಎಷ್ಟೋ ಜನರ ಅಜ್ಜಂದಿರು ರಾತ್ರಿ ಪಾಳಿಯ ಮಗ್ಗದ ಮುಂದೆ ನಿಂತವರು. ಕೋಳಿ ಓಡಾಡಿದ ಹುಲ್ಲಿನ ಮೇಲೆ ಸಾಲುಸಾಲಾಗಿ ಚಾಪೆ ಹಾಸಿದ್ದರು. ಆ ಮೈದಾನದ ಕಾಗದಪತ್ರ ಎಲ್ಲಿದೆಯೋ ಇರಲಿ, ಆ ಬೆಳಿಗ್ಗೆ ಅಲ್ಲಿ ಕೂತವರೆಲ್ಲ ಅದೇ ಊರಿನವರಾಗಿದ್ದರು.